ಹಿತ್ತಲ ಹೂದೋಟ: ದಾಸವಾಳದ ಕಡ್ಡಿ

ಹೊಸದುರ್ಗದ ಕಡೆಯ ಸೋದರಿಯೊಬ್ಬರು ನಮಗೆ ಕಾಗದ ಬರೆದು ಒಂದು ವಿಷಯವನ್ನು ಕೇಳಿರುವರು. ಅವರ ತವರುಮನೆಯ ಹಿತ್ತಲಲ್ಲಿ, ಬಾವಿಯ ಮಗ್ಗುಲಿಗೆ, ಅಜ್ಜಿಯ ಕಾಲದ ಕೆಂಪು ದಾಸವಾಳದ ಗಿಡವೊಂದಿದೆ. ಮನೆಯನ್ನು ಕೆಡವಿ ಹೊಸದನ್ನು ಕಟ್ಟುವುದೆಂದು ನಿಶ್ಚಯವಾಗಿದ್ದು, ದೀಪಾವಳಿ ಕಳೆದೊಡನೆ ಕೆಲಸ ಮೊದಲಾಗುವುದಂತೆ. ಹಿತ್ತಲೆಲ್ಲ ಸಿಮೆಂಟಾಗಲಿರುವುದರಿಂದ ಗಿಡಕ್ಕೆ ಉಳಿವಿಲ್ಲ. ಅವರು ಈಗಾಗಲೇ ಎರಡಾವರ್ತಿ ಕಡ್ಡಿಗಳನ್ನು ತಂದು ನೆಟ್ಟಿರುವರು. ಎರಡಾವರ್ತಿಯೂ ಕಡ್ಡಿಗಳು ಹತ್ತು ಹನ್ನೆರಡು ದಿವಸಗಳಲ್ಲಿ ಸೊಗಸಾಗಿ ಚಿಗುರಿ, ತಿಂಗಳು ತುಂಬುವುದರೊಳಗಾಗಿ ಬಾಡಿ ಕಪ್ಪಾದುವು. ಚಿಗುರಿದ್ದು ಸಾಯುವುದೇಕೆ, ಅಂಗಡಿಯಲ್ಲಿ ಬೀಜ ಸಿಕ್ಕುವುದಾದರೆ ಅದನ್ನಾದರೂ ತಂದು ಹಾಕಬಹುದೆ ಎಂಬುದು ಅವರ ಪ್ರಶ್ನೆ. ಇಂತಹುದೇ ತೊಂದರೆಯನ್ನು ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಗಳ ಕಡೆಯಿಂದಲೂ ಕೆಲವರು ತಿಳಿಸಿರುವ ಕಾರಣ ಈ ತಿಂಗಳ ಪುಟಗಳನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಬೀಜದ ಮಾತು. ನಮ್ಮ ಮನೆಗಳ ಕೆಂಪು ದಾಸವಾಳವು ಬೀಜ ಕಟ್ಟುವುದು ಬಹು ಅಪೂರ್ವ. ಎಲ್ಲಿಯಾದರೂ ಒಂದು ಕಾಯಿ ನಿಂತು ಬೀಜ ಬಲಿತರೂ ಅದರಿಂದ ಹುಟ್ಟುವ ಗಿಡವು ತಾಯಿಯಂತೆಯೇ ಹೂ ಬಿಡುವುದೆಂಬ ಭರವಸೆಯಿಲ್ಲ. ೧೭೫೩ರಲ್ಲಿ ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞನು ಈ ಗಿಡಕ್ಕೆ ಚೀನಾ ದೇಶದ ಗುಲಾಬಿ ಎಂಬರ್ಥದ ಹೆಸರನ್ನಿತ್ತನು. ಹೆಸರು ಹಾಗಿದ್ದರೂ ಚೀನಾದ ಕಾಡುಗಳಲ್ಲಾಗಲಿ ಬೇರೆಲ್ಲಿಯೇ ಆಗಲಿ ತಾನಾಗಿ ಬೆಳೆದ ಈ ಗಿಡವನ್ನು ಕಂಡವರಿಲ್ಲ. ಮನುಷ್ಯನ ಕೈಯಿಂದ ಕೈಗೆ, ಹಿತ್ತಲಿನಿಂದ ಹಿತ್ತಲಿಗೆ, ಕಡ್ಡಿಯ ರೂಪದಲ್ಲಿಯೇ ಇದು ಏಷ್ಯಾ ಖಂಡವನ್ನೆಲ್ಲ ಸುತ್ತಿದೆ. ಹೀಗಾಗಿ ಅಜ್ಜಿಯ ಗಿಡವೆಂದರೆ ಅದು ಅಜ್ಜಿ ನೆಟ್ಟ ದಿನ ಹುಟ್ಟಿದ್ದಲ್ಲ. ಅವರಿಗೆ ಕಡ್ಡಿ ಕೊಟ್ಟ ನೆರೆಮನೆಯವರ ಗಿಡದ, ಅದಕ್ಕೂ ಹಿಂದಿನ ಇನ್ನಾವುದೋ ಮನೆಯ ಗಿಡದ ಒಡಲೇ ಅದು. ಅಂಗಡಿಯ ಬೀಜದ ಪೊಟ್ಟಣದಿಂದ ಆ ಗಿಡ ಮರಳಿ ಬಾರದು. ಅದರದೇ ಕಡ್ಡಿ ಬೇರೂರಬೇಕು, ಇಲ್ಲವೆ ಆ ಬಳ್ಳಿ ಅಲ್ಲಿಗೇ ಕಡಿಯಿತೆಂದು ತಿಳಿಯತಕ್ಕದ್ದು.

ಇನ್ನು ಚಿಗುರಿದ್ದು ಸತ್ತುದೇಕೆ? ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆಯೇ. ಕತ್ತರಿಸಿದ ಕಡ್ಡಿಯೊಳಗೆ ತಾಯಿಗಿಡವು ಕೂಡಿಟ್ಟ ಆಹಾರ ಸ್ವಲ್ಪ ಇರುತ್ತದೆ. ಅದು ಬುತ್ತಿಯಿದ್ದಂತೆ. ಗೆಣ್ಣಿನಲ್ಲಿ ಮೊದಲೇ ಸಿದ್ಧವಾಗಿರುವ ಮೊಗ್ಗು ಈ ಬುತ್ತಿಯನ್ನುಂಡು ಒಂದು ವಾರದಲ್ಲಿಯೇ ಚಿಗುರುವುದು. ಬೇರಿನ ಗತಿ ಹಾಗಲ್ಲ. ಕತ್ತರಿಸಿದ ತುದಿಯಲ್ಲಿ ತೊಗಟೆಗೂ ಕಟ್ಟಿಗೆಗೂ ನಡುವಣ ತೆಳುಪೊರೆಯಿಂದ ಮೊದಲು ಬಿಳಿಯ ಗಂಟಿನಂತಹ ಮಾಂಸಲ ಭಾಗ ಬೆಳೆದು ಗಾಯ ಮುಚ್ಚಬೇಕು. ಆ ಬಳಿಕ ಅದರ ಆಸುಪಾಸಿನಲ್ಲಿ ಹೊಸ ಬೇರುಗಳು ಹುಟ್ಟಬೇಕು. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುವುದು. ಈ ನಡುವೆ ಚಿಗುರೆಲೆಗಳು ಗಾಳಿಗೆ ನೀರನ್ನು ಉಸಿರುತ್ತಲೇ ಇರುತ್ತವೆ. ಕೆಳಗಿನಿಂದ ಎತ್ತಿಕೊಡುವ ಬೇರು ಮಾತ್ರ ಇನ್ನೂ ಇಲ್ಲ. ಬುತ್ತಿ ಮುಗಿದ ದಿನ ಕಡ್ಡಿಯೂ ಮುಗಿಯುವುದು. ಚಿಗುರನ್ನು ಕಂಡು ಹಿಗ್ಗಿ ಕುಂಡವನ್ನು ಬಿಸಿಲಿಗೆ ತಂದಿಟ್ಟವರ ಕಡ್ಡಿಗಳು ಇನ್ನೂ ಬೇಗ ಸಾಯುತ್ತವೆ. ಆದುದರಿಂದ ಬೇರು ಬರುವ ತನಕ ಎಲೆಯಿಂದ ನೀರು ಹಾರದಂತೆ ನೋಡಿಕೊಳ್ಳುವುದೇ ಈ ವಿದ್ಯೆಯ ತಿರುಳು.

ಇಲ್ಲಿ ನಮ್ಮ ಸೀಮೆಯ ಗಾಳಿಯ ವಿಚಾರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಡ್ಡಿಯನ್ನು ಮೃಗಶಿರೆ ಆರಿದ್ರೆಗಳಲ್ಲಿ ನೆಡಬೇಕೆಂದು ತೋಟದ ಪುಸ್ತಕಗಳು ಹೇಳುವುದುಂಟು. ಮಲೆನಾಡಿನವರಿಗೆ ಅದು ಸರಿ. ಅಲ್ಲಿ ಬೇಲಿಯ ಗೂಟವೂ ಆಗ ಚಿಗುರುವುದು. ನಮ್ಮ ಜಿಲ್ಲೆಯಾದರೋ ಸಹ್ಯಾದ್ರಿಯ ಮಳೆಯ ನೆರಳಿನಲ್ಲಿ ಬಿದ್ದಿರುವ ನಾಡು. ವರ್ಷದ ಮಳೆ ಸುಮಾರು ೬೦ ಸೆಂಟಿಮೀಟರು. ಅದರಲ್ಲಿಯೂ ಹೆಚ್ಚಿನ ಪಾಲು ಸುರಿಯುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ, ಎಂದರೆ ಪುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ಜೂನ್ ಜುಲೈಗಳಲ್ಲಿ ಮೋಡ ಕಟ್ಟುವುದು, ಮಳೆ ಮಾತ್ರ ಹನಿಯಾಗಿ ಹಾರಿಹೋಗುವುದು. ಪಡುವಣ ಗಾಳಿಯೊಂದೇ ಹಗಲಿರುಳೂ ಬೀಸುವುದು. ಚಿತ್ರದುರ್ಗದ ಸುತ್ತಣ ಗುಡ್ಡಗಳ ಮೇಲೆ ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಯಂತ್ರಗಳನ್ನು ಸಾಲುಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲವಷ್ಟೆ. ಅಷ್ಟು ದೊಡ್ಡ ರೆಕ್ಕೆಗಳನ್ನು ತಿರುಗಿಸುವ ಗಾಳಿಗೆ ಬೇರಿಲ್ಲದ ಕಡ್ಡಿಯ ನಾಲ್ಕೆಲೆಗಳನ್ನು ಒಣಗಿಸುವುದು ಯಾವ ದೊಡ್ಡ ಕೆಲಸ? ನಮ್ಮ ಅಭಿಪ್ರಾಯದಲ್ಲಿ ಈ ನಾಲ್ಕು ತಾಲ್ಲೂಕುಗಳವರು ಮಖೆ ಮಳೆಯಿಂದ ಹಸ್ತದವರೆಗಿನ ಅವಧಿಯನ್ನು ಕಡ್ಡಿ ನೆಡಲು ಆರಿಸಿಕೊಳ್ಳುವುದು ಮೇಲು. ಹೊಳಲ್ಕೆರೆಯ ಪಡುವಣ ಭಾಗದಲ್ಲಿ ಮಳೆ ತುಸು ಹೆಚ್ಚು. ಅಡಕೆ ತೋಟದ ನೆರಳುಳ್ಳವರು ಮುಂಚೆಯೇ ನೆಟ್ಟರೂ ನಡೆದೀತು. ಯಾವ ಕಾಲದಲ್ಲಿ ನೆಟ್ಟರೂ ಕುಂಡವನ್ನು ಮನೆಯ ಮೂಡಣ ಗೋಡೆಯ ಮರೆಯಲ್ಲಿ ಇಡಬೇಕು. ಬೆಳಗಿನ ಎಳೆ ಬಿಸಿಲು ಸ್ವಲ್ಪ ಬಿದ್ದರೆ ಅಡ್ಡಿಯಿಲ್ಲ. ಪಡುವಣ ಗಾಳಿ ಮಾತ್ರ ಸೋಕಬಾರದು.

ಕಡ್ಡಿಯ ಆಯ್ಕೆಯಲ್ಲಿ ಜನರು ಸಾಮಾನ್ಯವಾಗಿ ಅವಸರ ಮಾಡುವರು. ಕೈಗೆ ಸಿಕ್ಕಿದ ಹಸುರು ತುದಿಯನ್ನು ಮುರಿದು ತರುವವರೇ ಹೆಚ್ಚು. ಹಸುರು ತುದಿ ಕೊಳೆಯುವುದು. ಹೆಬ್ಬೆರಳ ಗಾತ್ರದ ಮುದಿ ಕೊಂಬೆ ಬೇರೊಡೆಯಲು ಒಲ್ಲದು. ಇವೆರಡರ ನಡುವಣದ್ದು ಬೇಕು: ಸೀಸದ ಕಡ್ಡಿಯಷ್ಟು ದಪ್ಪ, ಹಸುರು ತಿರುಗಿ ಕಂದು ಬಣ್ಣಕ್ಕೆ ಬರುತ್ತಿರುವ ತೊಗಟೆ, ಬಗ್ಗಿಸಿದರೆ ಬಾಗಿ ಇನ್ನೂ ಬಗ್ಗಿಸಿದರೆ ಫಕ್ಕನೆ ಮುರಿಯುವಂತಹ ಹದ. ಹೂವಿನಿಂದ ತುಂಬಿದ ರೆಂಬೆಗಿಂತ ಹೂವಿಲ್ಲದ ರೆಂಬೆ ಒಳ್ಳೆಯದು. ತಾಯಿಗಿಡಕ್ಕೆ ಹಿಂದಿನ ಸಂಜೆ ಎರಡು ಕೊಡ ನೀರು ಹಾಕಿ, ಬೆಳಗಿನ ತಂಪಿನಲ್ಲಿ ಕತ್ತರಿಸಬೇಕು. ಗೇಣುದ್ದದ ತುಂಡಿನಲ್ಲಿ ನಾಲ್ಕೈದು ಗೆಣ್ಣುಗಳಿದ್ದರೆ ಸಾಕು. ಕೆಳತುದಿಯನ್ನು ಒಂದು ಗೆಣ್ಣಿನ ಕಾಲಂಗುಲ ಕೆಳಗೆ ಓರೆಯಾಗಿಯೂ ಮೇಲ್ತುದಿಯನ್ನು ಸಮನಾಗಿಯೂ ಕತ್ತರಿಸುವ ಪದ್ಧತಿ ಹಳೆಯದು; ಬುಡ ಯಾವುದು ತಲೆ ಯಾವುದು ಎಂಬುದು ಆಮೇಲೆ ಮರೆಯದಿರಲೆಂದು ಇದನ್ನು ಮಾಡಿದರು. ತಲೆಕೆಳಗಾಗಿ ನೆಟ್ಟ ಕಡ್ಡಿ ಬಹುಮಟ್ಟಿಗೆ ವ್ಯರ್ಥ. ಕತ್ತಿ ಹರಿತವಾಗಿರಬೇಕು, ಕುದಿಯುವ ನೀರಿನಲ್ಲಿ ಅದ್ದಿ ಒರಸಿದ್ದಾಗಿರಬೇಕು. ಜಜ್ಜಿದ ತೊಗಟೆಯಿಂದ ಕೊಳೆ ಒಳಹೊಗುವುದು. ಕೆಳಗಿನ ಎಲೆಗಳನ್ನೆಲ್ಲ ತೆಗೆದು, ತುದಿಯಲ್ಲಿ ಎರಡನ್ನು ಮಾತ್ರ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಬೇಕು. ಎಲ್ಲವನ್ನೂ ಬೋಳಿಸುವುದು ಸರಿಯಲ್ಲ, ಏಕೆಂದರೆ ಬೇರನ್ನು ಪ್ರಚೋದಿಸುವ ರಸವೂ ಹೊಸ ಆಹಾರವೂ ಎಲೆಯಿಂದಲೇ ಇಳಿಯಬೇಕು.

ಬೇರೂ ದೂರದ ಊರಿನಿಂದ ಕಡ್ಡಿ ತರುವವರು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಲೆ ಕಟ್ಟಿ, ಅದೇ ದಿನ ನೆಡತಕ್ಕದ್ದು. ಬಸ್ಸಿನ ಕಿಟಕಿಯ ಗಾಳಿಗೆ ಹಿಡಿದು ತಂದ ಕಡ್ಡಿ ದಾರಿಯಲ್ಲಿಯೇ ಮುಗಿದಿರುತ್ತದೆ.

ನೆಡುವ ಮಣ್ಣಿನಲ್ಲಿ ಗೊಬ್ಬರ ಬೇಡ. ಬೇರಿಲ್ಲದ ಕಡ್ಡಿಗೆ ಗೊಬ್ಬರವು ಹಲ್ಲಿಲ್ಲದ ಮಗುವಿಗೆ ಚಕ್ಕುಲಿ ಕೊಟ್ಟಂತೆ. ಬೇಕಾದುದು ನೀರು ನಿಲ್ಲದ, ಆದರೂ ಒಣಗದ, ಗಾಳಿಯಾಡುವ ಮಣ್ಣು. ಹಿರಿಯೂರಿನ ಎರೆಮಣ್ಣು ಹತ್ತಿಗೆ ತಾಯಿಯಾದರೂ ಕಡ್ಡಿಗೆ ಮಲತಾಯಿಯೇ ಸರಿ: ಒದ್ದೆಯಾದಾಗ ಅಂಟಿಕೊಂಡು ಉಸಿರು ಕಟ್ಟಿಸುವುದು, ಒಣಗಿದಾಗ ಬಿರಿದು ಎಳೆ ಬೇರನ್ನು ಹರಿಯುವುದು. ಆ ಕಡೆಯವರು ಅದನ್ನು ಕುಂಡಕ್ಕೆ ಹಾಕಲೇಬಾರದು. ಎರಡು ಪಾಲು ತೊಳೆದ ಮರಳು, ಒಂದು ಪಾಲು ಕೆಂಪುಮಣ್ಣು ಸೇರಿಸಿದರೆ ಸಾಕಷ್ಟಾಯಿತು. ಹೊಳೆಯ ಮರಳು ಸಿಕ್ಕದಿದ್ದರೆ ಕಟ್ಟಡಕ್ಕೆ ಬಳಸುವ ಕಲ್ಲಿನ ಮರಳನ್ನು ಮೂರು ನೀರಿನಲ್ಲಿ ತೊಳೆದು, ನುಣ್ಣನೆಯ ಪುಡಿಯನ್ನೆಲ್ಲ ಬಸಿದು ಬಳಸಬಹುದು. ಹೊಸದುರ್ಗದವರಿಗೆ ಮತ್ತೊಂದು ಅನುಕೂಲವುಂಟು. ತೆಂಗಿನ ಸೀಮೆಯಾದ್ದರಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ ಅಲ್ಲಿ ಸುಲಭವಾಗಿ ದೊರೆಯುವುದು. ಅದನ್ನು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಯಿಟ್ಟು, ಕಂದು ಬಣ್ಣದ ಒಗರು ನೀರನ್ನೂ ಅದರೊಡನೆ ಉಪ್ಪನ್ನೂ ಬಸಿದು ಹಿಂಡಿ, ಮರಳಿಗೆ ಸಮಪಾಲು ಬೆರೆಸಿದರೆ ಕಡ್ಡಿಗೆ ಅದಕ್ಕಿಂತ ಉತ್ತಮವಾದ ಹಾಸಿಗೆಯಿಲ್ಲ.

ನೀರಿನ ಪ್ರಶ್ನೆ ನಮ್ಮಲ್ಲಿ ಯಾವಾಗಲೂ ಕಠಿಣವಾದುದೇ. ೧೯೦೭ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರಿನ ಮಾರಿಕಣಿವೆಯ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು ೨೦೨೨ರಲ್ಲಿ, ಎಂಬತ್ತೊಂಬತ್ತು ವರ್ಷಗಳ ತರುವಾಯ. ಇಂತಹ ನಾಡಿನಲ್ಲಿ ಹೂವಿನ ಗಿಡಕ್ಕೆ ಕೊಡ ಕೊಡ ನೀರು ಸುರಿಯಿರೆಂದು ಹೇಳುವ ಧೈರ್ಯ ನಮಗಿಲ್ಲ. ಸುದೈವದಿಂದ ಕಡ್ಡಿಗೆ ನೀರು ಬಹಳ ಬೇಡ. ಆದರೆ ಆಳದ ಕೊಳವೆ ಬಾವಿಗಳ ನೀರು ನಮ್ಮಲ್ಲಿ ಗಡುಸು. ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟುವ ನೀರು ಕುಂಡದಲ್ಲಿಯೂ ಸುಣ್ಣವನ್ನು ಕಟ್ಟುವುದು, ಸುಣ್ಣ ಹೆಚ್ಚಿದ ಮಣ್ಣಿನಿಂದ ದಾಸವಾಳವು ಕಬ್ಬಿಣದ ಅಂಶವನ್ನು ಹೀರಲಾರದೆ ಎಲೆಯ ನರ ಹಸುರಾಗಿ ಉಳಿದು ನಡುವೆಲ್ಲ ಹಳದಿಗೆ ತಿರುಗುವುದು. ಮಳೆಯ ದಿನ ಹಂಚಿನ ಸೂರಿನಡಿಯಲ್ಲಿ ಎರಡು ಬಿಂದಿಗೆಯನ್ನಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ತುಂಬಿಸಿಕೊಂಡರೆ ಆರು ಕುಂಡಗಳ ಕಡ್ಡಿಗೆ ತಿಂಗಳು ಕಾಲ ಬಂದೀತು.

ಬೇರು ಬರಿಸುವ ಪುಡಿಯ ವಿಚಾರವಾಗಿ ಹಲವರು ಕೇಳುವುದುಂಟು. ಇಂಡೋಲ್ ಬ್ಯುಟಿರಿಕ್ ಆಮ್ಲವೆಂಬ ವಸ್ತುವು ಕಡ್ಡಿಯಲ್ಲಿ ಬೇರನ್ನು ಹುಟ್ಟಿಸಬಲ್ಲುದೆಂದು ೧೯೩೫ರಲ್ಲಿ ಅಮೆರಿಕದ ವಿದ್ವಾಂಸರು ತೋರಿಸಿಕೊಟ್ಟರು. ಗಿಡದಲ್ಲಿ ಸಹಜವಾಗಿರುವ ಪ್ರಚೋದಕ ರಸದ ಜಾತಿಯದೇ ಇದು. ಈಗ ಸಣ್ಣ ಡಬ್ಬಿಗಳಲ್ಲಿ ಪುಡಿಯಾಗಿ ದೊರೆಯುವುದು. ಕಡ್ಡಿಯ ಬುಡವನ್ನು ಒದ್ದೆ ಮಾಡಿ, ಪುಡಿಯಲ್ಲಿ ಅದ್ದಿ, ಹೆಚ್ಚಾದುದನ್ನು ಕೊಡವಿ ನೆಡಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ಬೇರು ಬರುವುದಿಲ್ಲ, ಬುಡ ಸುಡುವುದು. ಹಳೆಯ ಐದೆಸಳಿನ ಕೆಂಪು ದಾಸವಾಳಕ್ಕೆ ಇದಿಲ್ಲದಿದ್ದರೂ ನಡೆಯುವುದು. ಜೇನುತುಪ್ಪ, ಸಗಣಿ, ಲೋಳೆಸರ ಮುಂತಾದುವನ್ನು ಕೆಲವರು ಹಚ್ಚುವರು. ಇವುಗಳ ಮೇಲೆ ನಮಗೆ ಅಷ್ಟು ನೆಚ್ಚಿಕೆಯಿಲ್ಲ. ಹಸಿ ಸಗಣಿಯನ್ನು ಮಾತ್ರ ಗಾಯಕ್ಕೆ ತಾಕಿಸಬೇಡಿರೆಂದು ಖಂಡಿತವಾಗಿ ಹೇಳುವೆವು.

ಮಣ್ಣಿನಲ್ಲಿ ಬೇರೊಂದು ಕಡ್ಡಿಯಿಂದ ತೂತು ಮಾಡಿ, ಎರಡು ಗೆಣ್ಣು ಒಳಗೆ ಹೋಗುವಂತೆ ಇಳಿಸಿ, ಸುತ್ತ ಬೆರಳಿನಿಂದ ಒತ್ತಿ, ನಿಧಾನವಾಗಿ ನೀರು ಹನಿಸಬೇಕು. ಆಮೇಲೆ ಮುಚ್ಚಳ. ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಬೋರಲು ಹಾಕಿದರೂ ಸರಿ, ನಾಲ್ಕು ಕಡ್ಡಿ ಚುಚ್ಚಿ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದರೂ ಸರಿ. ಒಳಗೆ ಸಣ್ಣ ಹನಿಗಳು ಕಟ್ಟಿದ್ದರೆ ಗಾಳಿ ತೇವವಾಗಿದೆಯೆಂದು ಅರ್ಥ. ಮುಚ್ಚಳ ಹಾಕಿದ ಕುಂಡವು ಬಿಸಿಲಿನಲ್ಲಿ ಇಡ್ಲಿಯ ಪಾತ್ರೆಯಾಗುವುದೆಂಬುದನ್ನು ನೆನಪಿಡಬೇಕು. ದಿನಕ್ಕೊಮ್ಮೆ ಎರಡು ಗಳಿಗೆ ತೆರೆದು ಗಾಳಿಯಾಡಿಸಿ ಮತ್ತೆ ಮುಚ್ಚುವುದು ಲೇಸು. ಮನೆಯ ಮಕ್ಕಳು ಬೇರು ಬಂದಿತೇ ಎಂದು ಕಡ್ಡಿಯನ್ನು ಕಿತ್ತು ನೋಡದಂತೆ ಕಾಯುವುದೂ ಒಂದು ಕೆಲಸವೇ. ಬೇರು ಬಂದ ಗುರುತು ಬೇರೆ: ಮೊದಲ ಚಿಗುರು ಬಲಿತ ಮೇಲೆ ಎರಡನೆಯ ಸುತ್ತಿನ ಹೊಸ ಎಲೆ ಮೂಡಿ ನಿಲ್ಲಬೇಕು, ಕಡ್ಡಿಯನ್ನು ಮೆಲ್ಲನೆ ಅಲುಗಿಸಿದರೆ ಅದು ಮಣ್ಣನ್ನು ಹಿಡಿದುಕೊಂಡಿರಬೇಕು, ಕುಂಡದ ತಳದ ತೂತಿನಲ್ಲಿ ಬಿಳಿಯ ಎಳೆ ಕಾಣಬೇಕು. ಅದಕ್ಕೆ ಮುನ್ನ ಮೊಗ್ಗು ಕಾಣಿಸಿಕೊಂಡರೆ ಮರುಕಪಡದೆ ಚಿವುಟಿ ಹಾಕಿರಿ.

ಇಷ್ಟೆಲ್ಲ ಮಾಡಿದರೂ ಹತ್ತು ಕಡ್ಡಿಗಳಲ್ಲಿ ಹತ್ತೂ ಹಿಡಿಯಲಾರವು. ತಾಯಿಗಿಡವು ಹೋಗುವ ದಿನ ಗೊತ್ತಾಗಿರುವಾಗ ಒಂದೇ ಉಪಾಯವನ್ನು ನೆಚ್ಚಿ ಕುಳಿತುಕೊಳ್ಳಬಾರದು. ನಮ್ಮ ಸೋದರಿಯವರು ಈಗಲೇ ಒಂದು ಡಜನ್ ಕಡ್ಡಿಗಳನ್ನು ನೆಟ್ಟು, ಮೂರು ವಾರ ಬಿಟ್ಟು ಮತ್ತೊಂದು ಡಜನ್ ನೆಡಲಿ. ಅದರೊಡನೆ ಗಿಡದ ಮೇಲೆಯೇ ಎರಡು ಮೂರು ಗೂಟಿಗಳನ್ನು ಕಟ್ಟಲಿ. ಗೂಟಿಯ ಗುಣವೇನೆಂದರೆ, ರೆಂಬೆಯು ತಾಯಿಯಿಂದ ನೀರು ಕುಡಿಯುತ್ತಲೇ ಬೇರು ಬಿಡುವುದರಿಂದ ಬುತ್ತಿ ಮುಗಿಯುವ ಭಯವಿಲ್ಲ. ಕಿರುಬೆರಳ ಗಾತ್ರದ ರೆಂಬೆಯಲ್ಲಿ ಒಂದಂಗುಲದಷ್ಟು ತೊಗಟೆಯನ್ನು ಉಂಗುರದಂತೆ ಸುತ್ತಲೂ ಬಿಡಿಸಿ, ಒಳಗಿನ ಜಾರುವ ಪೊರೆಯನ್ನು ಕತ್ತಿಯ ಬೆನ್ನಿನಿಂದ ಚೆನ್ನಾಗಿ ಕೆರೆಯಬೇಕು. ಕೆರೆಯದೆ ಬಿಟ್ಟರೆ ತೊಗಟೆ ಮತ್ತೆ ಕೂಡಿಕೊಂಡು ಬೇರು ಬಾರದೆ ಹೋಗುವುದು. ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಒಂದು ಹಿಡಿ ಅಲ್ಲಿಗೆ ಮೆತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ, ಎರಡು ತುದಿಯನ್ನೂ ನೀರು ಹೋಗದಂತೆ ದಾರದಿಂದ ಬಿಗಿಯಬೇಕು. ಆರರಿಂದ ಎಂಟು ವಾರದಲ್ಲಿ ಹಾಳೆಯ ಮೂಲಕ ಬೇರುಗಳು ಕಾಣುವುವು. ಆಗ ಗಂಟಿನ ಕೆಳಗೆ ಕತ್ತರಿಸಿ, ಹಾಳೆ ಬಿಡಿಸಿ, ಉಂಡೆ ಒಡೆಯದಂತೆ ಕುಂಡಕ್ಕೆ ಇಳಿಸುವುದು. ದೀಪಾವಳಿಗೆ ಇನ್ನೂ ಮೂರು ತಿಂಗಳಿರುವುದರಿಂದ ಕಾಲ ಸಾಲುವುದು, ಆದರೆ ಮುಂದಿನ ತಿಂಗಳಿಗೆಂದು ತಳ್ಳಿದರೆ ಸಾಲದು.

ಸುಮಾರು ಎರಡು ಮೂರು ಬಣ್ಣಗಳ ದೊಡ್ಡ ಹೂಗಳ ಹೊಸ ತಳಿಗಳನ್ನು ಕೊಂಡವರು, ಅವುಗಳ ಕಡ್ಡಿ ಬೇರು ಬಿಡದೆಂದು ದೂರುವರು. ಅದು ಅವುಗಳ ಗುಣ. ಬೆಂಗಳೂರಿನ ಹತ್ತಿರ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿಯೂ ಹೊರದೇಶಗಳಲ್ಲಿಯೂ ಅಡ್ಡತಳಿಯಿಂದ ಪಡೆದ ಅನೇಕ ದಾಸವಾಳಗಳಿವೆ. ಇಂತಹವುಗಳಲ್ಲಿ ಹಲವಕ್ಕೆ ಸ್ವಂತ ಬೇರು ದುರ್ಬಲ. ಅವನ್ನು ಹಳೆಯ ಕೆಂಪು ದಾಸವಾಳದ ಬೇರಿನ ಮೇಲೆ ಕಸಿ ಮಾಡಿಯೇ ಬೆಳೆಸುವರು. ಅಜ್ಜಿಯ ಗಿಡವನ್ನು ಹಳೆಯದೆಂದು ಕಿತ್ತೆಸೆಯುವವರು ಇದನ್ನು ಅರಿಯರು.

ಕಡ್ಡಿಯೊಡನೆ ರೋಗವನ್ನೂ ಮನೆಗೆ ತರುವುದುಂಟು. ದಾಸವಾಳದ ದೊಡ್ಡ ಶತ್ರು ಹಿಟ್ಟು ತಿಗಣೆ. ಗೆಣ್ಣಿನ ಸಂದಿಯಲ್ಲಿ ಬಿಳಿಯ ಹತ್ತಿಯಂತೆ ಅಂಟಿಕೊಂಡು, ರಸ ಹೀರಿ, ಚಿಗುರನ್ನು ಮುರುಟಿಸುವುದು. ಪರಂಗಿಯ ಹಿಟ್ಟು ತಿಗಣೆಯೆಂಬ ಹೊರದೇಶದ ಕೀಟವು ೨೦೦೮ರಲ್ಲಿ ಕೊಯಮತ್ತೂರಿನ ಕಡೆ ಮೊದಲು ಕಂಡುಬಂದು, ಪರಂಗಿ, ಹಿಪ್ಪುನೇರಳೆಗಳನ್ನಲ್ಲದೆ ದಾಸವಾಳವನ್ನೂ ಬಹಳವಾಗಿ ಕೆಡಿಸಿತು. ಔಷಧಗಳಿಗೆ ಅದು ಬಗ್ಗಲಿಲ್ಲ. ೨೦೧೦ರಲ್ಲಿ ಪೋರ್ಟೊರಿಕೋ ದ್ವೀಪದಿಂದ ಅದರ ಸಹಜ ವೈರಿಯಾದ ಸಾಸಿವೆಗಿಂತ ಸಣ್ಣ ಕಣಜವನ್ನು ತರಿಸಿ ಬಿಟ್ಟ ಮೇಲೆ ಹಾವಳಿ ಇಳಿಯಿತು. ಮನೆಯ ಗಿಡಕ್ಕೆ ಕಡು ವಿಷವನ್ನು ಸಿಂಪಡಿಸಬೇಡಿರೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ. ತಿಗಣೆಗೆ ಮೊದಲೇ ಕಣಜ ಸಾಯುವುದು. ಕಡ್ಡಿಯನ್ನು ನೆಡುವ ಮುನ್ನ ಸಾಬೂನಿನ ತೆಳು ನೀರಿನಲ್ಲಿ ಅದ್ದಿ, ಗೆಣ್ಣುಗಳನ್ನು ಹಳೆಯ ಹಲ್ಲುಜ್ಜುವ ಕುಂಚದಿಂದ ಮೆಲ್ಲನೆ ಉಜ್ಜಿ, ತಣ್ಣೀರಿನಲ್ಲಿ ತೊಳೆಯಿರಿ. ಬೆಳೆದ ಗಿಡಕ್ಕೆ ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕಲಕಿ ಸಂಜೆಯ ಹೊತ್ತು ಎರಚಿದರೆ ಸಾಕು. ಗಿಡದ ಮೇಲೆ ಇರುವೆಗಳ ಸಾಲು ಕಂಡೊಡನೆ ತಿಗಣೆಯನ್ನು ಹುಡುಕಿರಿ. ಇರುವೆಗಳು ಅದರ ಸಿಹಿಗಾಗಿ ಅದನ್ನು ದನ ಕಾಯುವಂತೆ ಕಾಯುತ್ತವೆ.

ಇದೇ ವಿಧಾನದಿಂದ ಕಣಗಿಲೆಯ ಕಡ್ಡಿಯನ್ನೂ ಬೇರೂರಿಸಬಹುದು, ಅದು ಇನ್ನೂ ಸುಲಭ. ನೀರಿನ ಸೀಸೆಯಲ್ಲಿಟ್ಟರೂ ಬೇರು ಬಿಡುವುದು, ಬರವನ್ನೂ ತಾಳುವುದು. ಆದರೂ ಕರು, ಮೇಕೆ, ಕೂಸುಗಳಿರುವ ಹಿತ್ತಲಿಗೆ ಅದನ್ನು ತರಬೇಡಿರಿ. ಅದರ ಎಲೆ, ತೊಗಟೆ, ಹೂ, ಬೇರು ಎಲ್ಲವೂ ಹೃದಯಕ್ಕೆ ತಾಕುವ ವಿಷ. ಒಣಗಿದ ಮೇಲೆಯೂ ಆ ವಿಷ ಹೋಗುವುದಿಲ್ಲ. ಸವರಿದ ಸೊಪ್ಪು ಹುಲ್ಲಿನೊಡನೆ ಗೊಂತಿಗೆ ಬಿದ್ದರೆ ಹಸು ಉಳಿಯುವುದು ದುರ್ಲಭ, ಒಲೆಗೂ ಹಾಕಬಾರದು. ದಾಸವಾಳದ ಕಡ್ಡಿ ಕತ್ತರಿಸಿ ಉಳಿದ ಎಲೆಯನ್ನಾದರೆ ಅರೆದು ಸೀಗೆಯೊಡನೆ ತಲೆಗೆ ಹಚ್ಚಿಕೊಳ್ಳಬಹುದು, ಕರುವಿನ ಮುಂದೆಯೂ ಹಾಕಬಹುದು.

ಬೇರೂರಿದ ಸಸಿಯನ್ನು ಮುಚ್ಚಳ ತೆಗೆದು ಒಂದು ವಾರ ನೆರಳಿನಲ್ಲಿ, ಮತ್ತೊಂದು ವಾರ ಅರೆನೆರಳಿನಲ್ಲಿ ಅಭ್ಯಾಸ ಮಾಡಿಸಿ, ತರುವಾಯ ದೊಡ್ಡ ಕುಂಡಕ್ಕೆ ಹಾಕಬೇಕು. ಆಗ ಹಳೆಯ ಕೊಟ್ಟಿಗೆ ಗೊಬ್ಬರವೂ ಒಂದು ಹಿಡಿ ಹೊಂಗೆ ಅಥವಾ ಬೇವಿನ ಹಿಂಡಿಯೂ ಸಲ್ಲುವುದು. ನೆಲಕ್ಕೆ ಇಳಿಸುವುದು ಮುಂದಿನ ಮಳೆಗಾಲದಲ್ಲಿ ಆಗಲಿ. ಮೊದಲ ಬೇಸಗೆಯನ್ನು ಕುಂಡದಲ್ಲಿಯೇ ಕಳೆಯಿಸುವುದು ನಮ್ಮ ಬಿಸಿಲಿಗೆ ಕ್ಷೇಮ. ಒಂದು ಸಸಿಯನ್ನು ಸ್ವಂತ ಮನೆಯಲ್ಲಿಟ್ಟುಕೊಂಡು, ಒಂದೆರಡನ್ನು ಬೇರೆ ಊರಿನ ನೆಂಟರಿಗೆ ಕೊಟ್ಟಿರಬೇಕು, ಒಂದು ಕಡೆ ಬಾವಿ ಬತ್ತಿದರೂ ಇನ್ನೊಂದು ಕಡೆ ಉಳಿದೀತು. ಫಾಲ್ಗುಣದಿಂದ ವೈಶಾಖದವರೆಗೆ ಕುಂಡದ ಮಣ್ಣಿನ ಮೇಲೆ ಒಣಗಿದ ಎಲೆ ಅಥವಾ ತೆಂಗಿನ ನಾರನ್ನು ಎರಡಂಗುಲ ಹರಡಿ, ಅಕ್ಕಿ ತೊಳೆದ ನೀರನ್ನು ದಿನವೂ ಸಂಜೆ ಅದಕ್ಕೇ ಹಾಕುತ್ತಿದ್ದರೆ ಬೇರೆ ನೀರನ್ನು ಅದಕ್ಕಾಗಿ ಹೊರಬೇಕಾದ ದಿನಗಳು ಕಡಿಮೆಯಾಗುವುವು.